ನಮ್ಮ ಮನೆಗೆ ಅವರ ಬೀಗ

ರ‍್ಯಾನ್ಸಮ್‌ವೇರ್ ಬಿಡುವವನಷ್ಟು ಮೈಗಳ್ಳ ಕಳ್ಳ ಇನ್ನೊಬ್ಬನಿಲ್ಲ. ಮಾಲು ಹೊರುವ ಕಷ್ಟವೂ ಬೇಡ ಅವನಿಗೆ. ನಮ್ಮ ಕಪಾಟಿಗೇ ತನ್ನ ಬೀಗ ಜಡಿದು, ಕೀಲಿಗೆ ಇಷ್ಟು ಎಂದು ಚೀಟಿ ಅಂಟಿಸಿ ಕೂಡುತ್ತಾನೆ. 1989ರಲ್ಲಿ ಈ ಕಸುಬು ಶುರುವಾದಾಗ ಫ್ಲಾಪಿ ಅಂಚೆಯಲ್ಲಿ ಬರುತ್ತಿತ್ತು. ಬಿಡುಗಡೆಯ 189 ಡಾಲರನ್ನು ಪನಾಮಾದ ಅಂಚೆಪೆಟ್ಟಿಗೆಗೆ ಕಳಿಸಬೇಕಿತ್ತು. ಸ್ಟಾಂಪಿನ ಖರ್ಚು ಪಾಪ, ಕಳ್ಳನದೇ.

ವಿಜಯಪುರ ಜಿಲ್ಲೆಯ ಬಬಲೇಶ್ವರದಲ್ಲಿ ಫೋಟೊ ಸ್ಟುಡಿಯೊ ಇಟ್ಟಿರುವ ನನ್ನ ಗೆಳೆಯನ ಮನೆಗೆ ಅವನು ಕರೆಸಿಕೊಂಡೇ ಬಂದ. ಫೋಟೊ ತಿದ್ದುವ ಸಾಫ್ಟ್‌ವೇರಿಗೆ ರೊಕ್ಕ ಕೊಡುವುದು ಅಪಮಾನವೆಂದು ಗೆಳೆಯ ಪುಕ್ಕಟೆ ಕ್ರ್ಯಾಕ್ ಇಳಿಸಿದ್ದ. 'ಮೊದಲು ಆ್ಯಂಟಿವೈರಸ್ ಬಂದ್ ಮಾಡಿರಿ' ಎಂಬ ಸೂಚನೆಯನ್ನು ಶಿಸ್ತಾಗಿ ಪಾಲಿಸಿದ್ದ. ಬೆಳಗಾಗುವುದರೊಳಗೆ ಸೀಜನ್ನಿನ ಮದುಮಕ್ಕಳ ಹೆಸರಿಗೆಲ್ಲ ನಾಲ್ಕಕ್ಷರದ ಬಾಲ ಹುಟ್ಟಿತ್ತು, ಒಂದು ಫೋಟೊವೂ ತೆರೆಯಲೊಲ್ಲದು. ಚೀಟಿಯಲ್ಲಿ 980 ಡಾಲರ್. 72 ತಾಸಿನೊಳಗೆ ಕೊಟ್ಟರೆ ಅರ್ಧ.

"ಕೇಳೂಕಿಂತ ಮೊದಲ ಅರ್ಧ ಬಿಟ್ಟಾನಂದ್ರ ಇನ್ನೂ ಸ್ವಲ್ಪ ಜಗ್ಗಬಹುದಲ್ಲೋ?" ಎಂದ ಗೆಳೆಯ. ಆಗ ಮದುಮಗಳೊಬ್ಬಳ ಅಪ್ಪನ ಫೋನು. "ಡಿಸೈನ್ ನಡದೈತ್ರಿ" ಎಂದು ಇಟ್ಟ.

ಬ್ಯಾಕಪ್ ಇರಲಿಲ್ಲ ಅಂತಲ್ಲ. ಎಕ್ಸ್‌ಟರ್ನಲ್ ಹಾರ್ಡ್‌ಡಿಸ್ಕು ಕೊಂಡ ದಿನದಿಂದ ಯುಎಸ್‌ಬಿಯಲ್ಲೇ ಕೂತಿತ್ತು. ಬೀಗದವನು ಅದಕ್ಕೂ ಒಂದು ಜಡಿದು ಹೋಗಿದ್ದ. ಕ್ಲೌಡ್‌ನಲ್ಲೂ ಇತ್ತು. ಆದರೆ ಸಿಂಕ್ ಎಂಬುದು ಗೋಲಗುಮ್ಮಟದ ಗ್ಯಾಲರಿಯ ಹಾಗೆ, ಹೆಸರು ಕೂಗಿದರೆ ಏಳು ಹೆಸರು, ಕೆಮ್ಮಿದರೆ ಏಳು ಕೆಮ್ಮು. ಯಾವುದು ಮಾತು, ಯಾವುದು ರೋಗ ಅಂತ ಅದು ಕೇಳುವುದಿಲ್ಲ. ಪುಣ್ಯಕ್ಕೆ ಗೂಗಲ್ ಡ್ರೈವ್‌ನಂಥವು ಅಳಿಸಿದ್ದನ್ನೂ ಹಳೆಯ ಆವೃತ್ತಿಗಳನ್ನೂ 30 ದಿನ ಕಾಯುತ್ತವೆ. ಗೆಳೆಯ ಒಂದೊಂದೇ ಮದುವೆಯನ್ನು ಹಿಂದಕ್ಕೆ ಎಳೆಯುತ್ತ ಕೂತ. ಯೂರೋಪೋಲ್ ಮತ್ತು ಡಚ್ ಪೊಲೀಸರು ಮತ್ತಿತರರು ಸೇರಿ 2016ರಲ್ಲಿ ತೆರೆದ 'ನೋ ಮೋರ್ ರ‍್ಯಾನ್ಸಮ್' ತಾಣದಲ್ಲಿ ಕೆಲವು ಬೀಗಗಳಿಗೆ ಪುಕ್ಕಟೆ ಕೀಲಿ ಸಿಗುತ್ತದೆ. ಇವನ ಬೀಗದ ಕೀಲಿ ಅಲ್ಲಿರಲಿಲ್ಲ. ಪುಕ್ಕಟೆ ಎಂಬುದು ಅವನಿಗೆ ಒಂದೇ ಸಲ ಒಲಿದದ್ದು.

ನನಗನಿಸುವುದು, ಬ್ಯಾಕಪ್ಪಿನ ವಿದ್ಯೆಯನ್ನು ವಿಜಯಪುರದವರು ಯಾರಿಂದಲೂ ಕಲಿಯಬೇಕಾಗಿಲ್ಲ. ಅಲ್ಲೇ ವಕೀಲಿ ಮಾಡುತ್ತಿದ್ದ ಫ.ಗು. ಹಳಕಟ್ಟಿಯವರು ತಾಡೋಲೆ ಅರಸುತ್ತ ಊರೂರು ಅಲೆದರು, 1923ರಲ್ಲಿ 'ವಚನಶಾಸ್ತ್ರಸಾರ' ತಂದರು, ಮನೆ ಮಾರಿ ಹಿತಚಿಂತಕ ಮುದ್ರಣಾಲಯ ಹಾಕಿದರು. ಅವರಿಗೆ ವಚನಗಳು ಸಿಕ್ಕದ್ದಾದರೂ ಹೇಗೆ? ಆ ಓಲೆಗಳು ಒಂದಕ್ಕೊಂದು ಸಿಂಕ್ ಆಗಿರಲಿಲ್ಲ. ಒಂದು ಮಠದ ಪ್ರತಿಗೆ ಗೆದ್ದಲು ಹತ್ತಿದರೆ ಇನ್ನೊಂದೂರಿನ ಅಟ್ಟದ ಮೇಲಿದ್ದ ಪ್ರತಿಗೆ ಸುದ್ದಿಯೂ ಮುಟ್ಟುತ್ತಿರಲಿಲ್ಲ. ಮೂರು ಪ್ರತಿ, ಎರಡು ಬಗೆಯ ಸಾಧನ, ಒಂದು ಬೇರೆ ಕಡೆ ಎಂಬ ಸೂತ್ರವನ್ನು ಪ್ರಚಾರಕ್ಕೆ ತಂದವನು ಪೀಟರ್ ಕ್ರೋಗ್ ಎಂಬ ಅಮೆರಿಕದ ಫೋಟೊಗ್ರಾಫರ್. ಬಬಲೇಶ್ವರದ ಫೋಟೊಗ್ರಾಫರಿಗೆ ಇದನ್ನು ಹೇಳಿದೆ. "ಅವಂಗ ಮದುವಿ ಸೀಜನ್ ಇರೂದಿಲ್ಲ, ಕುಂತು ಸೂತ್ರಾ ಬರೀತಾನ" ಎಂದ.

ತಿಕೋಟಾದ ನನ್ನ ಸೋದರಮಾವನದು ಬೇರೆಯೇ ತರ್ಕ. ಒಣದ್ರಾಕ್ಷಿಯ ಅರ್ಧವನ್ನು ವಿಜಯಪುರದ ಕೋಲ್ಡ್ ಸ್ಟೋರೇಜಿನಲ್ಲಿ, ಇನ್ನರ್ಧವನ್ನು ತಾಸಗಾಂವದಲ್ಲಿ ಇಡುವಷ್ಟು ಜಾಣ. ಲೆಕ್ಕ ಮಾತ್ರ ಶೆಡ್ಡಿನ ಒಂದೇ ಕಂಪ್ಯೂಟರಿನಲ್ಲಿ.

"ನಮ್ಮ ದ್ರಾಕ್ಷಿ ಲೆಕ್ಕಾ ತೊಗೊಂಡು ಅವನೇನ ಮಾಡ್ತಾನೋ?"

"ಅವಂಗ ಬ್ಯಾಡ ಮಾಮಾ, ನಿಮಗ ಬೇಕಲ್ಲ? ಅದ ಅವನ ವ್ಯಾಪಾರ."

ವ್ಯಾಪಾರದ ಮಾತು ತಟ್ಟನೆ ತಿಳಿಯಿತು. ಎರಡು ಡಿಸ್ಕು ತರಿಸಿದ. ಕಾಪಿ ಮಾಡಿದ ಕೂಡಲೇ ಕಿತ್ತಿಡಬೇಕೆಂದಾಗ ಮಾತ್ರ ಮುಖ ಸಿಂಡರಿಸಿದ: "ಕಿತ್ತಿಡೂದಾದ್ರ ರೊಕ್ಕ ಕೊಟ್ಟು ತರೂದ್ಯಾಕ?" ಹಾಗೂ ಹೀಗೂ ಒಂದು ಟ್ರಂಕಿಗೆ ಸೇರಿತು, ಇನ್ನೊಂದು ಬಬಲೇಶ್ವರದ ಮಗಳ ಮನೆಗೆ ಹೋಗಲು ಸಜ್ಜಾಯಿತು.

"ಹತ್ತು ವರ್ಷದ ಲೆಕ್ಕಾ ಕಣ್ಣು ಮುಚ್ಚಿ ತೆರೆಯೂದ್ರಾಗ ಹೋತು ತಮ್ಮಾ. ಭಾಳ ಚುರುಕ ಮಾಲು!"

ಆ ಚುರುಕಿನ ಮೇಲೆಯೇ ನನಗೆ ಅನುಮಾನ. ಬೇರೆ ಲ್ಯಾಪ್‌ಟಾಪಿಗೆ ಸಿಕ್ಕಿಸಿ ತೆರೆದೆ. ಡೆಸ್ಕ್‌ಟಾಪ್ ಮೇಲಿದ್ದ ಚಿತ್ರಗಳೆಲ್ಲ ಸಾಲಾಗಿ ಬಂದಿದ್ದವು, ಪ್ರತಿಯೊಂದರ ಮೂಲೆಗೂ ಪುಟ್ಟ ಬಾಣ. ಎಲ್ಲ ಶಾರ್ಟ್‌ಕಟ್. ಫೈಲು ಒಂದೂ ಇಲ್ಲ.

ಮಾಮಾ ಬಗ್ಗಿ ನೋಡಿದ. "ಈಗ ಆ ಬೀಗದಾವ ಬಂದಾ ಅಂತ ತಿಳಿ. ಇದರಾಗ ಅವಂಗೇನ ಸಿಗತೈತಿ?"

"ಏನೂ ಸಿಗೂದಿಲ್ಲ."

"ಮತ್ತ? ಸೇಫ್ ಆತಲ್ಲೋ!"