ಬಿಲ್ ಇಲ್ಲದ ನಾಯಿಯ ಬಗ್ಗೆ ಠಾಣಾಧಿಕಾರಿಗಳಿಗೊಂದು ಬಹಿರಂಗ ಪತ್ರ

ಮಾನ್ಯ ಠಾಣಾಧಿಕಾರಿಗಳೇ,

ತಮ್ಮ ಠಾಣೆಯ ಹೆಸರು ಬರೆದಿಲ್ಲ. ಬೆಂಗಳೂರಿನ ಯಾವ ಠಾಣಾಧಿಕಾರಿ ಓದಿದರೂ ಇದು ತಮಗೇ ಬರೆದದ್ದು ಅನ್ನಿಸಲಿ ಎಂಬ ಆಸೆ. ಈಗಷ್ಟೇ ಅಲ್ಲಿಂದ ಬಂದು, ಊಟವನ್ನೂ ಮಾಡದೆ ಬರೆಯಲು ಕೂತಿದ್ದೇನೆ. ಮಾತು ಒರಟಾದರೆ ಹಸಿವಿನ ಲೆಕ್ಕಕ್ಕೆ ಬರೆದುಕೊಳ್ಳಿ.

ನಮ್ಮ ಪುಟ್ಟಿಯನ್ನು ಹಾಡಹಗಲೇ ಕದ್ದೊಯ್ದರು. ಲ್ಯಾಬ್ರಡಾರ್, ಹೆಣ್ಣು, ಕೆನೆ ಬಣ್ಣ, ಯಾರು ಕರೆದರೂ ಹೋಗುವ ಸ್ವಭಾವ. ಎದುರುಮನೆಯ ಸಿಸಿಟಿವಿಯಲ್ಲಿ ಎಲ್ಲ ಇದೆ. ಸ್ಕೂಟರಿನಲ್ಲಿ ಇಬ್ಬರು. ಹಿಂದೆ ಕೂತವನು ಇಳಿದು ಜೇಬಿನಿಂದ ಬಿಸ್ಕತ್ತು ತೆಗೆದ. ಪುಟ್ಟಿ ಬಾಲ ಅಲ್ಲಾಡಿಸುತ್ತ ಹೋಗಿ ಸ್ಕೂಟರಿನ ಮುಂದೆ ನಿಂತಳು. ಅದನ್ನೆಲ್ಲ ಪೆನ್‌ಡ್ರೈವಿಗೆ ಹಾಕಿಸಿ ತಮ್ಮ ಠಾಣೆಗೆ ತಂದೆ. "ಸ್ಟೇಷನ್ ಕಂಪ್ಯೂಟರಿಗೆ ಹೊರಗಿನ ಪೆನ್‌ಡ್ರೈವ್ ಹಾಕಂಗಿಲ್ಲ ಮೇಡಂ" ಅಂದರು. ಸರಿ, ನೋಡುವುದು ಬೇಡ. ಸಾಹೇಬರು ಬಂದೋಬಸ್ತಿಗೆ ಹೋಗಿದ್ದಾರೆ ಅಂದರು. ಸರಿ, ಕಾಯೋಣ. ಕಾದೆ. ಹೊಟ್ಟೆ ಚುರುಗುಟ್ಟುವ ಹೊತ್ತಿಗೆ ತಮ್ಮ ರೈಟರ್ ತಲೆಯೆತ್ತಿ ಕೇಳಿದರು: "ನಾಯಿದು ಬಿಲ್ ಇದ್ಯಾ?"

ಬಿಲ್ ಇಲ್ಲ ಸ್ವಾಮಿ. ಪಕ್ಕದ ಮನೆಯವರು ಕೆನಡಾಕ್ಕೆ ಹೊರಟಾಗ ಪುಟ್ಟಿಯನ್ನೂ ಅವಳ ಹಳೇ ಚಾಪೆಯನ್ನೂ ನಮಗೆ ಕೊಟ್ಟುಹೋದರು. ಜಿಎಸ್‌ಟಿ ಹಾಕಲಿಲ್ಲ. ರೇಬೀಸ್ ಲಸಿಕೆಯ ಪುಸ್ತಕ ತೋರಿಸಿದೆ. "ಇದು ಆಸ್ಪತ್ರೆದು, ಬಿಲ್ ಅಲ್ಲ." ಫೋಟೊ ತೋರಿಸಿದೆ. "ಲ್ಯಾಬ್ರಡಾರ್ ಎಲ್ಲಾ ಹಿಂಗೇ ಇರ್ತವೆ." ಕೊನೆಗೆ, "ಹಂಗಾದ್ರೆ ಬೆಲೆ ಸೊನ್ನೆ ಅಂತ ಹಾಕ್ಬೇಕಾಗತ್ತೆ, ಒಂದು ಎನ್‌ಸಿಆರ್ ಮಾಡ್ಕೊಡ್ತೀನಿ, ತಗೊಂಡೋಗಿ."

ಈ ಸೊನ್ನೆಯ ಮಹಿಮೆ ನನಗೆ ಅಲ್ಲಿ ಹೊಳೆಯಲಿಲ್ಲ, ಆಟೋದಲ್ಲಿ ಬರುವಾಗ ಫೋನಿನಲ್ಲಿ ಕಾನೂನು ಓದುತ್ತ ಹೊಳೆಯಿತು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ ಕಲಂ 303ರ ಪ್ರಕಾರ ಕಳ್ಳತನಕ್ಕೆ ಮೂರು ವರ್ಷದವರೆಗೆ ಸೆರೆ. ಆದರೆ ಮಾಲು 5000 ರೂಪಾಯಿಗಿಂತ ಕಡಿಮೆಯದಾಗಿ, ಕಳ್ಳ ಮೊದಲ ಸಲ ಶಿಕ್ಷೆಗೆ ಒಳಗಾಗುವವನಾಗಿ, ಮಾಲನ್ನೋ ಅದರ ಬೆಲೆಯನ್ನೋ ಹಿಂತಿರುಗಿಸಿದರೆ ಸಮುದಾಯ ಸೇವೆ ಸಾಕು. ಅಂಥ ಪ್ರಕರಣ ಅಸಂಜ್ಞೇಯ, ಅದರ ವರದಿಯೇ ರೈಟರ್ ಹೇಳಿದ ಎನ್‌ಸಿಆರ್. ಮ್ಯಾಜಿಸ್ಟ್ರೇಟರ ಅಪ್ಪಣೆ ಇಲ್ಲದೆ ತಾವು ತನಿಖೆಗೆ ಏಳಬೇಕಾಗಿಯೇ ಇಲ್ಲ. ಬಿಲ್ ಇಲ್ಲ, ಬೆಲೆ ಸೊನ್ನೆ, ಕೇಸೂ ಸೊನ್ನೆ. ತಮ್ಮ ರೈಟರಿಗೆ ಗಣಿತ ಚೆನ್ನಾಗಿ ಬರುತ್ತದೆ.

ಆ ಕಳ್ಳ ಎಂದಾದರೂ ಸಿಕ್ಕಿಬಿದ್ದರೆ ಅವನ ಸಮುದಾಯ ಸೇವೆಗೆ ನನ್ನದೊಂದು ಸಲಹೆ: ನಮ್ಮ ಬಡಾವಣೆಯ ನಾಯಿಗಳನ್ನು ದಿನಾ ಸಂಜೆ ವಾಕಿಂಗ್ ಕರೆದೊಯ್ಯಲಿ. ಅನುಭವ ಇದೆ, ಬಿಸ್ಕತ್ತೂ ಇದೆ.

ಬಿಸ್ಕತ್ತು ಅಂದೆನಲ್ಲ. ಕಲಂ 303ಕ್ಕೆ ಕಾನೂನೇ ಕೊಟ್ಟಿರುವ ಉದಾಹರಣೆಗಳಿವೆ. ಮೊದಲನೆಯದು ಮರ ಕಡಿದವನದು. ಎರಡನೆಯದು ಕೇಳಿ: ಒಬ್ಬನು ನಾಯಿಗೆ ಆಸೆ ಹುಟ್ಟಿಸುವ ತಿಂಡಿಯನ್ನು ಜೇಬಿನಲ್ಲಿಟ್ಟುಕೊಂಡು ಇನ್ನೊಬ್ಬನ ನಾಯಿ ತನ್ನ ಹಿಂದೆ ಬರುವಂತೆ ಮಾಡುತ್ತಾನೆ. ಅವನ ಉದ್ದೇಶ ಅಪ್ರಾಮಾಣಿಕವಾಗಿದ್ದರೆ, ನಾಯಿ ಹಿಂಬಾಲಿಸತೊಡಗಿದ ಕ್ಷಣಕ್ಕೇ ಅದು ಕಳ್ಳತನ. 1860ರ ದಂಡ ಸಂಹಿತೆಯ ಕಲಂ 378ರಲ್ಲೂ ಇದೇ ಉದಾಹರಣೆ ಇತ್ತು. ಸಿಪಾಯಿ ದಂಗೆ ಮುಗಿದ ಹೊಸತರಲ್ಲೇ ಬ್ರಿಟಿಷರಿಗೆ ಗೊತ್ತಿದ್ದ ವಿಷಯ ಇದು. ಅವರು ಕಳ್ಳನ ಜೇಬು ನೋಡಿದರು. ನಾಯಿಯ ಬಿಲ್ ಕೇಳಲಿಲ್ಲ.

ಇನ್ನು ಬೆಲೆಯ ಮಾತು. ಲ್ಯಾಬ್ರಡಾರ್ ಮರಿ ಈ ಊರಲ್ಲಿ 5000ಕ್ಕೆ ಸಿಗುತ್ತದೆಯೇ, ತಾವೇ ವಿಚಾರಿಸಿ. ಹೆಣ್ಣುನಾಯಿಗಳ ಮೇಲೆ ಕಣ್ಣು ಬೀಳುವುದೇ ಮರಿ ಹಾಕಿಸಿ ಮಾರುವುದಕ್ಕೆ. 2017ರ ನಿಯಮಗಳಂತೆ ನಾಯಿ ಸಾಕಿ ಮಾರುವವರು ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿಕೊಳ್ಳಬೇಕು, ಎಂಟು ವಾರ ತುಂಬದ ಮರಿಯನ್ನು ಮಾರಬಾರದು, ಮೈಕ್ರೋಚಿಪ್ ಹಾಕಿಸಬೇಕು. ಶೆಡ್ಡಿನ ಕತ್ತಲಲ್ಲಿ ಮರಿ ಮೇಲೆ ಮರಿ ಹಾಕಿಸುವವನು ಇದರಲ್ಲಿ ಯಾವುದನ್ನು ಓದಿದ್ದಾನೆ? ನಮ್ಮ ಪುಟ್ಟಿಯ ಬೆಲೆ ಕಳ್ಳನಿಗೆ ಗೊತ್ತು, ಕೊಳ್ಳುವವನಿಗೆ ಗೊತ್ತು. ತಮ್ಮ ಠಾಣೆಯಲ್ಲಿ ಮಾತ್ರ ಅದು ಸೊನ್ನೆ.

ಚಿಪ್ ಹಾಕಿಸಿದ್ದೆವು. ಅದರ ಸಂಖ್ಯೆಯಲ್ಲಿ 15 ಅಂಕಿ. ಮೊಬೈಲಿನ ಐಎಂಇಐ ಸಂಖ್ಯೆಯಲ್ಲೂ 15 ಅಂಕಿಯೇ. ಮೊಬೈಲ್ ಕಳುವಾದರೆ ಸರ್ಕಾರದ ಸಂಚಾರ್ ಸಾಥಿ ಪೋರ್ಟಲಿನಲ್ಲಿ ಆ ಸಂಖ್ಯೆ ಹಾಕಿ ಬ್ಲಾಕ್ ಮಾಡಿಸಬಹುದು, ಯಾರಾದರೂ ಸಿಮ್ ಹಾಕಿದರೆ ಪತ್ತೆಯೂ ಆಗುತ್ತದೆ. ನಾಯಿಯ ಸಂಖ್ಯೆಯನ್ನು ಯಾರಿಗೆ ಕೊಡಲಿ? ತಮ್ಮ ರೈಟರಿಗೆ ಕೊಟ್ಟೆ. ಅವರು ಅದಕ್ಕೆ ಕಾಲ್ ಮಾಡಲು ನೋಡಿದರು.

ಬೀದಿಯಲ್ಲಿ ಪೋಸ್ಟರ್ ಅಂಟಿಸಿದ ಸಂಜೆಯಿಂದಲೇ ಫೋನು ಶುರು. "ನಿಮ್ಮ ನಾಯಿ ನಮ್ಮತ್ರ ಇದೆ, ಪೆಟ್ರೋಲಿಗೆ ಎರಡು ಸಾವಿರ ಫೋನ್‌ಪೇ ಮಾಡಿ." ವಿಡಿಯೊ ಕಾಲ್ ಮಾಡಿ ತೋರಿಸಿ ಅಂದರೆ ಕಟ್. ಇದನ್ನೂ ತಮ್ಮಲ್ಲಿ ಹೇಳಿದೆ. "ಅದು ಸೈಬರ್ ಮೇಡಂ, ಇಲ್ಲಿ ಬರಲ್ಲ."

ಈಗ ನಮ್ಮ ರಸ್ತೆಯಲ್ಲಿ ಯಾರೂ ನಾಯಿಯನ್ನು ಗೇಟಿನ ಹೊರಗೆ ಬಿಡುವುದಿಲ್ಲ. ಮೂರನೇ ಮನೆಯ ಅಜ್ಜಿ ತಮ್ಮ ಪಮೇರಿಯನ್‌ ಅನ್ನು ಸೆರಗಿನಲ್ಲಿ ಮುಚ್ಚಿಕೊಂಡು ತರಕಾರಿಗೆ ಹೋಗುತ್ತಾರೆ. ನಗಬೇಡಿ. ಮಕ್ಕಳು ವಿದೇಶಕ್ಕೆ ಹೋದಮೇಲೆ ಆ ಮನೆಯಲ್ಲಿ ಮಾತಾಡಿಸಲು ಇರುವುದು ಅದೊಂದೇ ಜೀವ. ಅದಕ್ಕೂ ಬಿಲ್ ಇಲ್ಲ.

ಇಷ್ಟು ಹೊತ್ತು ನಗುನಗುತ್ತಾ ಬರೆದೆ, ಇನ್ನು ಆಗುವುದಿಲ್ಲ. ಹಿಂದೆ ಸಾಕುಪ್ರಾಣಿಯನ್ನು ಕೊಂದರೂ ದಂಡ ಸಂಹಿತೆ ಅದರ ಬೆಲೆ ಕೇಳುತ್ತಿತ್ತು: ಕಲಂ 428ರಲ್ಲಿ 10 ರೂಪಾಯಿ, 429ರಲ್ಲಿ 50 ರೂಪಾಯಿ. ಹೊಸ ಸಂಹಿತೆಯ ಕಲಂ 325 ಆ ದರಪಟ್ಟಿಯನ್ನೇ ಕಿತ್ತುಹಾಕಿದೆ. ಕೊಂದರೆ ಬೆಲೆ ಕೇಳಬಾರದು, ಕದ್ದರೆ ಮಾತ್ರ ಕೇಳಬೇಕು! ಕಾನೂನು ಕೇಳಿದರೂ ಕೇಳಲಿ, ಬಿಲ್ ಇಲ್ಲದ್ದಕ್ಕೆಲ್ಲ ಬೆಲೆ ಸೊನ್ನೆ ಎಂದು ಯಾವ ಕಲಂನಲ್ಲಿದೆ? ಅಮ್ಮ ಕೊಟ್ಟ ಬಳೆಗೂ ನನ್ನಲ್ಲಿ ಬಿಲ್ ಇಲ್ಲ. ಅದು ಕಳುವಾದರೆ ತಾವು ಸೊನ್ನೆ ಬರೆಯುತ್ತೀರಾ?

ದೂರನ್ನು ಇವತ್ತೇ ಡಿಸಿಪಿಯವರಿಗೆ ಅಂಚೆಯಲ್ಲಿ ಕಳಿಸುತ್ತಿದ್ದೇನೆ. ನಾಗರಿಕ ಸುರಕ್ಷಾ ಸಂಹಿತೆಯ ಕಲಂ 173ರಲ್ಲಿ ಅದಕ್ಕೆ ದಾರಿ ಇದೆ. ಅದರಲ್ಲಿ ಪುಟ್ಟಿಯ ಪೇಟೆ ಬೆಲೆ ಬರೆದಿದ್ದೇನೆ, ಚಿಪ್ ಸಂಖ್ಯೆ ಬರೆದಿದ್ದೇನೆ, ಪೆನ್‌ಡ್ರೈವ್ ಲಗತ್ತಿಸಿದ್ದೇನೆ. ತಾವು ಮಾಡಬೇಕಾದ್ದು ಇಷ್ಟೇ: ಎಫ್‌ಐಆರ್ ಹಾಕಿ, ಅದರ ಪ್ರತಿಯನ್ನು ನನಗೆ ಕೊಡಿ. ಕಾನೂನಿನ ಪ್ರಕಾರ ಆ ಪ್ರತಿ ಉಚಿತ, ಬಿಲ್ ಬೇಕಾಗಿಲ್ಲ.