ಕಾರಿಗೂ ಕೆವೈಸಿ

ದುಡ್ಡು ಕೊಟ್ಟಿದ್ದೇನೆ, ಕಂತು ಕಟ್ಟುತ್ತಿದ್ದೇನೆ, ಆದ್ದರಿಂದ ಕಾರು ನನ್ನದು ಎಂದು ನಂಬಿರುವ ಬಡಪಾಯಿಗಳು ಇನ್ನೂ ಇದ್ದಾರೆ. ಅವರ ಭ್ರಮೆ ಬಿಡಿಸಲೆಂದೇ ಕಾರಿನೊಳಗೊಂದು ಡಬ್ಬಿ ಕೂತಿದೆ. ಗ್ಯಾರೇಜಿನವರು ಅದನ್ನು ಇಸಿಎಂ ಎನ್ನುತ್ತಾರೆ. ಎಂಜಿನ್ನಿಗೆ ಎಷ್ಟು ಪೆಟ್ರೋಲ್, ಯಾವ ಗಳಿಗೆಗೆ ಕಿಡಿ ಎಂದು ಲೆಕ್ಕ ಹಾಕುವ ಈ ಡಬ್ಬಿ ತಾನು ಯಾವ ಕಾರಿನ ಆಸ್ತಿ ಎಂಬುದನ್ನೂ ಬರೆದಿಟ್ಟುಕೊಂಡಿರುತ್ತದೆ.

ಹಾಗೆ ಬರೆದಿಟ್ಟದ್ದೇ ವಿಐಎನ್. ನಮ್ಮ ಬಾಯಲ್ಲಿ ಚಾಸಿ ನಂಬರ್. ಒಟ್ಟು 17 ಅಕ್ಷರ, ಅಂಕಿ. ಎಂಎ3 ಎಂದು ಶುರುವಾದರೆ ಮಾರುತಿ, ಎಂಎಟಿ ಎಂದರೆ ಟಾಟಾ. ಐ, ಓ, ಕ್ಯೂ ಅಕ್ಷರಗಳಿಗೆ ಪ್ರವೇಶವಿಲ್ಲ. ಒಂದು, ಸೊನ್ನೆ ಎಂದು ಓದಿಬಿಟ್ಟಾರೆಂಬ ಭಯ. ಇಷ್ಟು ಮುಂದಾಲೋಚನೆ ಮಾಡಿದವರು ಮಾಲೀಕನ ಬಗ್ಗೆ ಮಾತ್ರ ಆಲೋಚಿಸಲಿಲ್ಲ.

ಬೆಂಗಳೂರಿನ ಅಂಡರ್‌ಪಾಸಿನಲ್ಲಿ ಕಾರು ಒಂದು ಸಲ ಈಜಿತು, ಡಬ್ಬಿ ಹೋಯಿತು ಅನ್ನಿ. ಹೊಸ ಡಬ್ಬಿ ತಂದರೆ ಅದರಲ್ಲಿ ನಂಬರೇ ಇರುವುದಿಲ್ಲ. ಗುಜರಿಯಲ್ಲಿ ತಂದರೆ ಇನ್ಯಾರದೋ ಕಾರಿನ ನಂಬರ್ ಇರುತ್ತದೆ. ಕೆಲವು ಡಬ್ಬಿಗಳಲ್ಲಿ ಒಮ್ಮೆ ಬರೆದ ನಂಬರ್ ಬ್ರಹ್ಮಲಿಪಿ, ತಿದ್ದುವಂತಿಲ್ಲ. ಕೀಲಿ ಗುರುತಿಸಿ ಕಳ್ಳತನ ತಡೆಯುವ ಇಮ್ಮೊಬಿಲೈಸರಿಗೂ ಡಬ್ಬಿಗೂ ಪರಿಚಯವಾಗದಿದ್ದರೆ ನಿಮ್ಮದೇ ಕೀಲಿ ನಿಮ್ಮದೇ ಕಾರಿಗೆ ಅಪರಿಚಿತ.

ಮೆಕ್ಯಾನಿಕ್ ಸ್ಟೀರಿಂಗ್ ಕೆಳಗೆ ತಲೆ ತೂರಿಸಿ, 16 ಪಿನ್ನಿನ ಕಿಂಡಿಗೆ ಸ್ಕ್ಯಾನರ್ ಸಿಕ್ಕಿಸುತ್ತಾನೆ. ನಂಬರ್ ಬರೆಯುವಾಗ ವೋಲ್ಟೇಜ್ ಬಿದ್ದು ಡಬ್ಬಿ ಸತ್ತುಹೋಗಬಾರದೆಂದು ಬ್ಯಾಟರಿಗೆ ಚಾರ್ಜರ್ ಹಚ್ಚುತ್ತಾನೆ. ಕೊನೆಗೆ ಪರದೆಯ ಮೇಲೆ ಕಂಪನಿಯ ಲಾಗಿನ್ ಕೇಳುತ್ತದೆ. ಇಪ್ಪತ್ತು ವರ್ಷದ ಕೈಗುಣ ಪಾಸ್‌ವರ್ಡಿನ ಮುಂದೆ ಕೈಕಟ್ಟಿ ನಿಲ್ಲುತ್ತದೆ. ಇದೆಲ್ಲ ಕಳ್ಳರ ಕಾಟ ತಪ್ಪಿಸಲು ಎನ್ನುತ್ತಾರೆ. ಮೊದಲೇ ಸಿದ್ಧಮಾಡಿದ ಇಸಿಎಂ ಜೋಡಿಸಿ ಕಾರು ಎಬ್ಬಿಸಿಕೊಂಡು ಹೋದವರನ್ನು ದಿಲ್ಲಿ ಪೊಲೀಸರು ಹಿಡಿದದ್ದುಂಟು. ಅಂದರೆ ಲಾಗಿನ್ ಇಲ್ಲದೆ ಪರದಾಡುವವನು ಪ್ರಾಮಾಣಿಕ ಮಾಲೀಕನೊಬ್ಬನೇ.

ಅತ್ತ ಆರ್‌ಟಿಒ ಲೋಕಕ್ಕೆ ಈ ಡಬ್ಬಿಯ ಸುದ್ದಿಯೇ ತಲುಪಿದಂತಿಲ್ಲ. ಮಾಲೀಕತ್ವ ವರ್ಗಾವಣೆಗೆ ಹೋಗಿ ನೋಡಿ. ಏಜೆಂಟ್ ಬಾನೆಟ್ ಎತ್ತಿ, ಕಬ್ಬಿಣದ ಮೇಲಿನ ನಂಬರನ್ನು ಪೆನ್ಸಿಲ್ಲಿನಿಂದ ಉಜ್ಜಿ, ಸೆಲ್ಲೋಟೇಪಿಗೆ ಇಳಿಸಿ, ಫಾರಂ 30ರ ಮೇಲೆ ಅಂಟಿಸುತ್ತಾನೆ. ಕಿಂಡಿಗೆ ಒಂದು ವೈರ್ ಸಿಕ್ಕಿಸಿದರೆ ಅದೇ ನಂಬರನ್ನು ಬಿಎಸ್-6 ಕಾರು ತಾನೇ ಒಪ್ಪಿಸೀತು. ಆದರೆ ಕಾರಿನ ಮಾತಿಗೆ ಸಾಕ್ಷ್ಯವಿಲ್ಲ. ಪೆನ್ಸಿಲ್ ಪುಡಿಗೆ ಇದೆ.

ಕೇಂದ್ರ ಸರ್ಕಾರ 2022ರಲ್ಲಿ ‘ದುರಸ್ತಿಯ ಹಕ್ಕು’ ಕುರಿತು ಸಮಿತಿ ಮಾಡಿತು, ವಾಹನಗಳನ್ನೂ ಅದರಲ್ಲಿ ಸೇರಿಸಿತು, ಅದೇ ಡಿಸೆಂಬರಿನಲ್ಲಿ ಪೋರ್ಟಲ್ ಉದ್ಘಾಟಿಸಿತು. ಹಕ್ಕು ಪೋರ್ಟಲ್ಲಿಗೆ ಬಂದಿದೆ, ಗ್ಯಾರೇಜಿಗೆ ಬಂದಿಲ್ಲ.

ಕೇಳುತ್ತಿರುವುದು ದೊಡ್ಡದೇನಲ್ಲ. ಆರ್‌ಸಿ ನೋಡಿ, ದಾಖಲೆ ಇಟ್ಟು, ಯಾವ ಗ್ಯಾರೇಜಿನವನಾದರೂ ನಂಬರ್ ಬರೆಯುವಂತೆ ಕಾನೂನು ಮಾಡಿ. ಅದಾಗದಿದ್ದರೆ ಆರ್‌ಸಿಯಲ್ಲಿ ‘ಮಾಲೀಕ’ ಎಂಬುದನ್ನು ಹೊಡೆದು ‘ಬಾಡಿಗೆದಾರ’ ಎಂದು ಅಚ್ಚು ಹಾಕಿಸಿ. ಕಂತು ಹೇಗಿದ್ದರೂ ಕಟ್ಟುತ್ತೇವೆ.