ತೂಕ ಸಾಲದು, ಧೂಳಿನ ಹೆಸರು ಬೇಕು

ಮೂಡುಬಿದಿರೆ, ಉಜಿರೆ, ಬಂಟ್ವಾಳದ ಕಾಲೇಜುಗಳಲ್ಲಿ ವಿಜ್ಞಾನ ಓದುತ್ತಿರುವ ಮಕ್ಕಳಿಗೆ ಮತ್ತು ಅವರ ಅಧ್ಯಾಪಕರಿಗೆ,



ಪ್ರತಿ ಫೆಬ್ರವರಿ 28ಕ್ಕೆ ನೀವು ವಿಜ್ಞಾನ ದಿನ ಆಚರಿಸುತ್ತೀರಿ. ಸರ್ ಸಿ.ವಿ. ರಾಮನ್ 1928ರಲ್ಲಿ ಕಂಡುಕೊಂಡ ಬೆಳಕಿನ ಗುಣದ ನೆನಪಿಗೆ ಆ ದಿನ. ಅವರ ಚಿತ್ರಕ್ಕೆ ಹಾರ ಹಾಕಿದ ಮೇಲೆ ಅದೇ ಬೆಳಕನ್ನು ನಮ್ಮೂರ ಗಾಳಿಗೂ ಹಾಯಿಸಿ ನೋಡಿ ಎಂದು ಕೇಳಿಕೊಳ್ಳಲು ಈ ಪತ್ರ ಬರೆಯುತ್ತಿದ್ದೇನೆ.

ಮಾರ್ಚ್ ತಿಂಗಳಲ್ಲಿ ಕಪ್ಪುಕಲ್ಲಿನ ಕ್ರಷರ್ ಹತ್ತಿರದ ತೋಟಕ್ಕೆ ಹೋಗಿ. ಬಾಳೆ ಎಲೆಯ ಮೇಲೆ ಬೆರಳೆಳೆದರೆ ಹಸಿರು ಗೆರೆ ಮೂಡುತ್ತದೆ, ಬೆರಳ ತುದಿ ಬೂದಿ ಬಣ್ಣಕ್ಕೆ ತಿರುಗುತ್ತದೆ. ಕೆಂಪುಕಲ್ಲಿನ ಕೋರೆಯ ಬದಿಯಲ್ಲಾದರೆ ಅದೇ ಬೆರಳು ಕೆಂಪಾಗುತ್ತದೆ. ಬೀಡಿ ಕಟ್ಟುವ ಮನೆಯ ಜಗಲಿಯಲ್ಲಿ ಹೊಗೆಸೊಪ್ಪಿನ ಪುಡಿ ಕಣ್ಣಿಗೆ ಕಾಣುವುದು ಕಡಿಮೆ. ಅಲ್ಲಿ ಮಲಗಿದ ಮಗು ಸೀನಿದಾಗಲೇ ಅದು ಇದೆ ಎಂದು ತಿಳಿಯುವುದು. ಹೊರಗಿನ ಗಾಳಿಯ ಧೂಳಿಗಿರುವ ಮಾನದಂಡದ ಕಣ್ಣಿಗೆ ಇವೆಲ್ಲ ಒಂದೇ. ನಮ್ಮ ದೇಶದ 2009ರ ಮಾನದಂಡದಂತೆ ಹತ್ತು ಮೈಕ್ರಾನಿಗಿಂತ ಸಣ್ಣ ಕಣಗಳು ಒಂದು ಘನ ಮೀಟರ್ ಗಾಳಿಯಲ್ಲಿ ದಿನದ ಸರಾಸರಿ 100 ಮೈಕ್ರೋಗ್ರಾಂ ಮೀರಬಾರದು. ಇದು ಬರೀ ತೂಕದ ಲೆಕ್ಕ. ಶ್ವಾಸಕೋಶಕ್ಕೆ ಮಾತ್ರ ತೂಕಕ್ಕಿಂತ ಜಾತಿ ಮುಖ್ಯ. ಕಪ್ಪುಕಲ್ಲಿನಲ್ಲಿರುವ ಕ್ವಾರ್ಟ್ಜ್ ಹುಡಿ ವರ್ಷಗಟ್ಟಲೆ ಒಳಗೆ ಹೋದರೆ ಸಿಲಿಕೋಸಿಸ್ ಎಂಬ ಶ್ವಾಸಕೋಶದ ರೋಗ ಬರಬಹುದು, ಬಂದದ್ದು ವಾಸಿಯಾಗುವುದಿಲ್ಲ.

ಜಾತಿ ಹೇಳಬಲ್ಲದ್ದು ಲೇಸರ್. ಕಣಗಳ ಮೇಲೆ ಕೆಲವೇ ನ್ಯಾನೋಸೆಕೆಂಡಿನ ಬಿರುಸಾದ ಮಿಡಿತ ಬಿಟ್ಟರೆ ಅವು ಸಾವಿರಾರು ಡಿಗ್ರಿಯ ಪ್ಲಾಸ್ಮಾ ಆಗಿ ಹೊಳೆಯುತ್ತವೆ. ಒಲೆಗೆ ಉಪ್ಪು ಬಿದ್ದಾಗ ಜ್ವಾಲೆ ಹಳದಿಯಾಗುವ ಹಾಗೆಯೇ ಇಲ್ಲೂ ಪ್ರತಿ ಧಾತುವಿಗೆ ತನ್ನದೇ ಬಣ್ಣ. ತಾಮ್ರ 324.7 ನ್ಯಾನೋಮೀಟರಿನಲ್ಲಿ ಕಾಣುತ್ತದೆ: ಕೊಳೆರೋಗಕ್ಕೆಂದು ಅಡಿಕೆಗೆ ಬಿಟ್ಟ ಮೈಲುತುತ್ತಿನ ಮದ್ದು ಗಾಳಿಯಲ್ಲಿ ಎಷ್ಟು ದೂರ ಹೋಯಿತೆಂದು ಅದನ್ನು ಹಿಡಿದೇ ಹುಡುಕಬಹುದು. ಆದರೆ ಸಿಲಿಕಾನ್ ಗೆರೆ ಕಂಡ ಮಾತ್ರಕ್ಕೆ ಕ್ವಾರ್ಟ್ಜ್ ಎನ್ನಲಾಗದು, ಜೇಡಿಮಣ್ಣಿನಲ್ಲೂ ಸಿಲಿಕಾನ್ ಇದೆ. ಕ್ವಾರ್ಟ್ಜನ್ನು ಗುರುತಿಸಲು ಬೇಕಾದದ್ದು ಸಿ.ವಿ. ರಾಮನ್ ಕಂಡುಕೊಂಡ ಅದೇ ಗುಣ, ರಾಮನ್ ಚದುರಿಕೆ. ತರಂಗಸಂಖ್ಯೆಯ ಲೆಕ್ಕದಲ್ಲಿ (ಸೆಂ.ಮೀ.⁻¹) ಕ್ವಾರ್ಟ್ಜ್ 464ರ ಹತ್ತಿರ ಒಂದು ಚೂಪು ಶಿಖರ ತೋರಿಸುತ್ತದೆ, ಸುಣ್ಣಕಲ್ಲು 1086ರ ಹತ್ತಿರ, ಡೀಸೆಲ್ ಮಸಿ 1350 ಮತ್ತು 1580ರ ಸುತ್ತ ಎರಡು ಅಗಲ ದಿಬ್ಬ. ಹೊಗೆಸೊಪ್ಪಿನ ವಿಷಯದಲ್ಲಿ ಕಷ್ಟವಿದೆ. ಸಸ್ಯದ ಹುಡಿ ತಾನೇ ಪ್ರತಿದೀಪ್ತಿಯಿಂದ ಬೆಳಗಿ ರಾಮನ್ ಸಂಕೇತವನ್ನು ಮುಳುಗಿಸಿಬಿಡುತ್ತದೆ.

ಈ ವಿದ್ಯೆಗೆ ದೂರ ಹೋಗಬೇಕಾಗಿಲ್ಲ. ಮೂಡುಬಿದಿರೆಯಿಂದ ಕಾರ್ಕಳ ದಾಟಿದರೆ ಮಣಿಪಾಲ. ಪ್ರೊ. ವಿ.ಬಿ. ಕರ್ತಾ, ಪ್ರೊ. ಸಂತೋಷ್ ಚಿದಂಗಿಲ್ ಅವರಂಥವರು ಅಲ್ಲಿ ಲೇಸರ್ ಸ್ಪೆಕ್ಟ್ರೋಸ್ಕೋಪಿಯ ದೊಡ್ಡ ಪರಂಪರೆಯನ್ನೇ ಕಟ್ಟಿದ್ದಾರೆ. ಒಂದೇ ಒಂದು ಕೆಂಪು ರಕ್ತಕಣವನ್ನು ಬೆಳಕಿನ ಚಿಮಟದಲ್ಲಿ ಹಿಡಿದು ಪರೀಕ್ಷಿಸುವುದು, ಬಗೆಬಗೆಯ ಪ್ಲಾಸ್ಟಿಕ್ಕನ್ನು ಲೇಸರ್ ಕಿಡಿಯಿಂದಲೇ ಗುರುತಿಸುವುದು ಎಲ್ಲ ಅಲ್ಲಿ ನಡೆದಿದೆ. ಅಷ್ಟು ಹತ್ತಿರದ ಜ್ಞಾನ ಬೀಡಿ ಕಟ್ಟುವವರ ಜಗಲಿಗೂ ಬರಬೇಕು ಎಂಬುದು ನನ್ನ ಆಸೆ.

ಗಾಳಿಯನ್ನು ಹೀಗೆ ಪರೀಕ್ಷಿಸಬೇಕೆನ್ನಲು ಬೆಳ್ತಂಗಡಿಯವರಿಗೆ ಬೇರೆಯೇ ಕಾರಣವಿದೆ. ಕೊಕ್ಕಡ, ಪಟ್ರಮೆ, ನಿಡ್ಲೆಯ ಕಡೆ ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಸುರಿದ ಕಾಲವೊಂದಿತ್ತು. ಸುಪ್ರೀಂ ಕೋರ್ಟ್ 2011ರ ಮೇ ತಿಂಗಳಲ್ಲಿ ಆ ಕೀಟನಾಶಕವನ್ನು ತಡೆಯುವ ಹೊತ್ತಿಗೆ ಒಂದು ತಲೆಮಾರಿನ ಎಷ್ಟೋ ಮಕ್ಕಳು ಹಾಸಿಗೆ ಹಿಡಿದಿದ್ದರು. ತಮ್ಮ ಅಂಗಳಕ್ಕೆ ಏನು ಬಿತ್ತೆಂದು ಸಾಬೀತು ಮಾಡುವ ಹೊರೆ ಆ ತಾಯಂದಿರ ತಲೆಯ ಮೇಲೇ ಬಿತ್ತು. ಅದನ್ನು ನೆನೆದರೆ ನನಗೆ ಈಗಲೂ ಸಂಕಟವಾಗುತ್ತದೆ. ಲೇಸರ್ ಒಂದಿದ್ದರೆ ಆ ದುರಂತ ತಪ್ಪುತ್ತಿತ್ತು ಎಂದು ನಾನು ಹೇಳುವುದಿಲ್ಲ. ಆದರೆ ಗಾಳಿಯ ಮಾದರಿಯನ್ನು ಆಗಾಗ ತೆಗೆದು, ಪರೀಕ್ಷಿಸಿ, ದಾಖಲಿಸಿಟ್ಟ ಊರಿನವರು ಬರಿಗೈಯಲ್ಲಿ ನ್ಯಾಯ ಕೇಳಬೇಕಾಗುವುದಿಲ್ಲ.

ಆದ್ದರಿಂದ ಕೇಳುತ್ತೇನೆ, ಮಾದರಿ ನೀವು ತೆಗೆಯಿರಿ. ಕ್ರಷರಿನ ನೆರೆಮನೆ, ಬೀಡಿ ಕಟ್ಟುವ ಜಗಲಿ, ಬಿ.ಸಿ. ರೋಡಿನ ಹೆದ್ದಾರಿಯಂಚು, ಇಷ್ಟರಿಂದ ಶುರುಮಾಡಬಹುದು. ಒಂದು ಎಚ್ಚರಿಕೆ: ಗಾಜಿನ ನಾರಿನ ಸೋಸುಹಾಳೆ ಬೇಡ, ಅದರಲ್ಲೇ ಸಿಲಿಕಾನ್ ಇರುವುದರಿಂದ ಕಲ್ಲಿನ ಹುಡಿಯ ಲೆಕ್ಕ ಕೆಡುತ್ತದೆ, ಟೆಫ್ಲಾನ್ ಹಾಳೆ ಆಗಬಹುದು. ಮನೆಯವರ ಒಪ್ಪಿಗೆ ಪಡೆದೇ ಗಾಳಿ ಹೀರಿ ಸೋಸುವ ಯಂತ್ರ ಇಡಿ. ಹಾಳೆಗಳನ್ನು ಮಣಿಪಾಲಕ್ಕೋ ಸುರತ್ಕಲ್ಲಿನ ತಾಂತ್ರಿಕ ಕಾಲೇಜಿಗೋ ಕೊಂಡುಹೋಗಿ ಪರೀಕ್ಷೆಗೆ ಕೇಳಿಕೊಳ್ಳಿ. ಬಂದ ಫಲಿತಾಂಶವನ್ನು ಕನ್ನಡದಲ್ಲಿ ಬರೆದು ಮೊದಲು ಆ ಮನೆಯವರಿಗೆ ಕೊಡಿ, ಮತ್ತೆ ಪಂಚಾಯತ್ ಫಲಕಕ್ಕೆ ಅಂಟಿಸಿ.

ಮಳೆ ಹಿಡಿದರೆ ಧೂಳು ಸಿಗುವುದಿಲ್ಲ. ಕಲ್ಲಿನ ಹುಡಿಯ ಮಾದರಿ ಏಪ್ರಿಲ್ ಒಳಗೆ ಮುಗಿಯಲಿ. ಮೈಲುತುತ್ತಿನದ್ದನ್ನು ಮಳೆಗಾಲದ ಬಾಗಿಲಲ್ಲಿ, ಮದ್ದು ಬಿಡುವ ದಿನವೇ ತೆಗೆಯಿರಿ.

ನಿಮ್ಮ ಊರಿನವನೇ ಆದ,
ಒಬ್ಬ ಓದುಗ